ಸಿನೆಮಾಕ್ಕ ಬೀಸಿದ ಜ್ವಾಳ

ಹಳೇ ಹುಬ್ಬಳ್ಳಿ,
ಸೋಮವಾರ, ೧೩ ಫೆಬ್ರುವರಿ ೧೯೬೭

ಪ್ರೀತಿಯ ಸುಹಾಸಾ,

ನಿನ್ನ ಸೋದರಮಾವ ಮೈಲಾರಪ್ಪ ಮಾಡುವ ಆಶೀರ್ವಾದ. ಸೊಲ್ಲಾಪುರದ ದವಾಖಾನ್ಯಾಗ ಪಾಳಿ ಮಾಡಿ ಮಾಡಿ ನಿನ್ನ ಕಾಲು ಬಾತಿದ್ದವಲ್ಲ, ಈಗ ಹ್ಯಾಂಗದಾವು? ಮಂದಿಗೆ ಔಷಧ ಕೊಡಾಕಿ ತಾನು ಹೊತ್ತಿಗೆ ಸರಿ ಉಣ್ಣೂದಿಲ್ಲಂತ ನನಗ ಗೊತ್ತೈತಿ. ಇಲ್ಲಿ ನಾವು ಆರಾಮ ಅದೇವಿ. ನನ್ನ ಮೀಸಿ ಮತ್ತಷ್ಟು ದಪ್ಪ ಆಗೇತಿ. ನಿಮ್ಮವ್ವ ಎರಡು ಹೊತ್ತು ಉಣ್ತಾಳ, ಉಂಡದ್ದನ್ನ ಮರ್ತು ಮೂರನೇ ಸಲ ಕೇಳ್ತಾಳ. ದೀಪಾವಳಿಗೆ ನೀ ಬಂದಾಗ “ಯಾರ ಮಗಳವ್ವಾ ನೀನು?” ಅಂದ್ಲು, ನೀ ಅಳಕೋತ ಮರುದಿನದ ಗಾಡಿಗೇ ಹೋದಿ. ಅವತ್ತಿನಿಂದ ನಿನ್ನ ಪತ್ರ ಬರ್ತಾವ, ನೀ ಬರೂದಿಲ್ಲ. ಬೈಯಬೇಕಂತ ಕುಂತಿದ್ದೆ. ಆದರ ಮುಗದ ಊರಿನ ಸಾಲ್ಯಾಗ ನಾಲ್ಕನೇ ಇಯತ್ತೆ ತನಕಾ ಕಲ್ತಾಂವ ನಾ, ಬೈಗುಳಾ ಹಾಳಿ ಮ್ಯಾಲೆ ಅಷ್ಟು ಛಲೋ ಮೂಡೂದಿಲ್ಲ.

ಈಗ ಸುದ್ದಿ ಕೇಳು. ನಿಮ್ಮವ್ವ ಶೇವಂತೆವ್ವ ಸಿನೆಮಾದಾಗ ಬರಾಕತ್ತಾಳ! ಧಾರವಾಡದ ಶಾಬುದ್ದೀನ ಮಾಸ್ತರು ನಾಲ್ಕು ಮಂದಿ ಗೆಳೆಯರನ್ನ ಕಟಗೊಂಡು, ಯಾವ ಕಂಪನಿ ಹಂಗೂ ಇಲ್ಲದ, ತಾವ ಒಂದು ಸಿನೆಮಾ ತಗ್ಯಾಕತ್ತಾರ. ಹಾಡಾಕಿ ಒಬ್ಬಾಕಿ ಎಲ್ಲಾ ಮರೀತಾಳ, ಹಾಡು ಮಾತ್ರ ಮರ್ಯೂದಿಲ್ಲ, ಇಷ್ಟ ಕಥಿ. ನಮ್ಮ ಓಣ್ಯಾಗ ಅವರ ಕ್ಯಾಮರಾ ಕಂಡ ಕೂಡ್ಲೇ ನಾ ಮೊದಲು ನನ್ನ ಮೀಸಿ ತೋರಿಸಿದೆ. ಅದರ ಕಿಮ್ಮತ್ತು ಅವರಿಗೆ ತಿಳೀಲಿಲ್ಲ ಬಿಡು. ಆಮ್ಯಾಲೆ “ಮಾಸ್ತರ, ನಿಮ್ಮ ಕಥಿ ನಮ್ಮ ಪಡಸಾಲ್ಯಾಗ ಕುಂತೈತಿ, ಬರ್ರಿ” ಅಂದೆ.

ಬಂದ್ರು. ಬಿಸಿಲು ಬೀಳೂವಲ್ಲಿಗೆ ಬೀಸುಕಲ್ಲು ಸರಿಸಿದ್ರು. “ಕಾಳು ಬ್ಯಾಡ್ರಿ ಅವ್ವಾರ, ಹಿಟ್ಟಿನ ಧೂಳಿ ಮಶೀನಿಗೆ ಹೋಗ್ತದ. ಬರೇ ಕಲ್ಲು ತಿರುವಿ ಹಾಡ್ರಿ” ಅಂದ್ರು ಮಾಸ್ತರು. ನಾನೂ ಶಾಣ್ಯಾತನ ಮಾಡಿ ಕಲ್ಲು ಒರಸಿ ಕೊಟ್ಟೆ. ಉಂಡದ್ದು ನೆನಪಿಲ್ಲದ ನಿಮ್ಮವ್ವ ಥಟ್ಟನ ಎದ್ದು ನಿಂತ್ಲು. “ಕಾಳಿಲ್ಲದ ಕಲ್ಲು ತಿರುವಿದ್ರ ಮನಿಗೆ ಒಳ್ಳೇದಲ್ಲ. ಇಷ್ಟೂ ತಿಳೀದನೋ ಮೂಳಾ?” ಅಂದ್ಲು. ಅಂದದ್ದು ಮಾಸ್ತರಿಗಲ್ಲ, ಒರಸಿದ ನನಗ! ಮಾಸ್ತರು ಕೈ ಮುಗಿದು, “ತಪ್ಪಾತ್ರಿ ಅವ್ವಾ, ಮಶೀನು ಹಾಳಾಗಿ ಹೋಗಲಿ” ಅಂತ ತಾವ ಜ್ವಾಳ ತಂದು ಸುರವಿದ್ರು.

ಆವಾಗ ಕುಂತ್ಲು. ಒಂದು ಮುಕ್ಕು ಕಾಳು ಹಾಕಿ ದನಿ ತಗದ್ಲು. ಸುಹಾಸಾ, ಒಂದು ನುಡಿನೂ ತಪ್ಪಲಿಲ್ಲ. ಬೀಸುವ ಪದದಾಗ ಮನಿಯವರ ಹೆಸರು ಒಂದೊಂದಾಗಿ ಹಾಕಿ ಹರಸ್ತಾರಲ್ಲ, ಹಂಗ ನಿಮ್ಮಪ್ಪನ್ನ ಹರಸಿದ್ಲು, ನಿಮ್ಮಜ್ಜನ್ನ ಹರಸಿದ್ಲು. ಕಡೀಕ ತಮ್ಮ ಮೈಲಾರ ಅಂದಾಗ ನನಗ ತಡ್ಯಾಕ ಆಗಲಿಲ್ಲ, “ವ್ಹಾ ಅಕ್ಕಾ!” ಅಂತ ಒದರಿಬಿಟ್ಟೆ. ಅದೂ ಮಶೀನ್ಯಾಗ ಬಿತ್ತು. ಮಾಸ್ತರು ತಲಿ ಹಿಡಕೊಂಡ್ರು. ಈಗ ಬರೂ ರವಿವಾರ ಮತ್ತ ಮೊದಲಿಂದ ತಗೀಬೇಕಂತ. ನನ್ನ ದನಿ ಕೇಳಿದ್ರ ಜನಾ ಟಾಕೀಜು ಒಡದು ಒಳಗ ಬರ್ತಿದ್ರು. ಅದನ್ನ ಕತ್ತರಸ್ತಾರಂತ, ಏನ ಹೇಳೂಣು.

ಪಕ್ಕದ ಮನಿ ಮೈಮುನಾ ನಿನ್ನ ಭಾಳ ಕೇಳ್ಯಾಳ. ಹಾಲು ಕುಡಿ, ಛತ್ರಿ ಮರೀಬ್ಯಾಡ. ನೂರು ವರ್ಷ ಗಟ್ಟಿಯಾಗಿ ಬಾಳವ್ವ.

ನಿನ್ನ ಮಾವ,
ಮೈಲಾರಪ್ಪ

ತಾಜಾಕಲಂ: ಒಂದು ಮಾತು ಬರೀಲಿಲ್ಲ. ಮರ್ತಿರಲಿಲ್ಲ, ಕೈ ಏಳಲಿಲ್ಲ. ಪದಾ ಸುರು ಆಗೂ ಮೊದಲು, ಕಲ್ಲಿನ ಗೂಟಕ್ಕ ಕೈಗೂಡಸಾಕ ಮೈಮುನಾ ಎದುರು ಕುಂತಿದ್ಲು. ನಿಮ್ಮವ್ವ ಅಕಿ ಕೈ ಮೆಲ್ಲಕ ಸರಿಸಿ, “ಅಲ್ಲಿ ನಮ್ಮ ಸುಹಾಸ ಕುಂದರ್ತಾಳ” ಅಂದ್ಲು. ಸ್ವಲ್ಪ ಹೊತ್ತು ಬಾಗಲಾ ನೋಡಿದ್ಲು. ಆಮ್ಯಾಲೆ ಒಬ್ಬಾಕಿನ ಬೀಸಿದ್ಲು. ನೀ ಬಂದ್ರ ಗುರುತು ಹಿಡೀತಾಳಂತ ನಾ ಆಣಿ ಮಾಡೂದಿಲ್ಲ. ಯಾರ ಮಗಳು ಅಂತ ಮತ್ತ ಕೇಳಿದ್ರೂ ಕೇಳಬಹುದು. ಉತ್ತರಾ ಹೇಳಾಕ ಹೋಗಬ್ಯಾಡ, ಎದುರು ಕುಂತು ಗೂಟ ಹಿಡಿ. ಶನಿವಾರದ ಗಾಡಿಗೆ ಬಾ. ಸುಹಾಸ ಬರ್ತಾಳಂತ ಮಾಸ್ತರಿಗೆ ಹೇಳಿಬಿಟ್ಟೇನಿ.