ಬ್ರೇಫೂಟ್ ಮೈದಾನದ ಪೈ ಕಿಟಕಿಗೆ ಬೀಗ ಹಾಕಿಸಿದವರಿಗೆ

ಕಿಲ್‌ಬ್ರೂಮ್ ಪಟ್ಟಣ ಸಭೆಯ ಕ್ರೀಡಾಂಗಣ ಸುರಕ್ಷತಾ ಅಧಿಕಾರಿಗಳಿಗೆ,

ಮಾನ್ಯರೇ,

ತಾವು ಬ್ರೇಫೂಟ್ ಮೈದಾನದಲ್ಲಿ ಬಿಸಿ ಮಾಂಸದ ಪೈ ಮಾರುವ ಕಿಟಕಿಗೆ ಬೀಗ ಹಾಕಿಸಿ ಇಂದಿಗೆ ಆರು ಶನಿವಾರಗಳಾದವು. ಈ ಆರು ವಾರದಲ್ಲಿ ನನ್ನ ಅಣ್ಣ ಟ್ಯಾಮ್ ಲೋರಿಮರ್ ತನ್ನ ಕೈಯಾರೆ ಒಂದು ತುತ್ತನ್ನೂ ಬಾಯಿಗಿಟ್ಟಿಲ್ಲ. ಈ ಎರಡು ಸಂಗತಿಗಳಿಗೂ ಯಾವ ಸಂಬಂಧವೂ ಇಲ್ಲವೆಂದು ತಮ್ಮ ಕಚೇರಿ ನನಗೆ ಎರಡು ಸಾಲಿನ ಉತ್ತರ ಕಳಿಸಿದೆ. ಆ ಎರಡು ಸಾಲನ್ನು ನಾನು ಒಪ್ಪುವುದಿಲ್ಲ. ಅದಕ್ಕೇ ಇದನ್ನು ಊರವರೆಲ್ಲ ಓದುವ ಹಾಗೆ ಪತ್ರಿಕೆಗೆ ಬರೆಯುತ್ತಿದ್ದೇನೆ.

ತಮ್ಮ ಆದೇಶದ ಭಾಷೆ ಬಲು ಸೊಗಸಾಗಿದೆ. ‘ಪ್ರೇಕ್ಷಕರ ಚಲನೆಯ ಮರುವಿನ್ಯಾಸ ಹಾಗೂ ಆಹಾರ ವಿತರಣಾ ಕೇಂದ್ರದ ಸ್ಥಳಾಂತರ’ ಎಂದಿದೆ. ಓದಿದವರು ಯಾವುದೋ ರಾಜಧಾನಿಯ ಮಹಾ ಕ್ರೀಡಾಂಗಣದ ಮಾತೆಂದುಕೊಳ್ಳಬೇಕು. ಕಿಲ್‌ಬ್ರೂಮ್ ಥಿಸಲ್ ಫುಟ್‌ಬಾಲ್ ತಂಡದ ಆಟಕ್ಕೆ ಬಹಳವೆಂದರೆ ಇನ್ನೂರು ಜನ ಸೇರುತ್ತೇವೆ. ನಾಯಿಗಳನ್ನೂ ಸೇರಿಸಿದರೆ ಇನ್ನೂರ ಹತ್ತಾದೀತು. ಈ ಜನಸಾಗರ ಉಕ್ಕಿ ಹರಿಯದಂತೆ ತಾವು ಕಬ್ಬಿಣದ ಬೇಲಿ ಹಾಕಿಸಿದ್ದೀರಿ. ಪೈ ಕಿಟಕಿಯ ಬದಲು ಹೊರಗೆ ಕಾರು ನಿಲ್ಲಿಸುವ ಜಾಗದಲ್ಲಿ ಬಿಳಿ ವ್ಯಾನೊಂದು ಬಂದು ನಿಂತಿದೆ. ಅಲ್ಲಿ ಎಳೆಎಳೆ ಮಾಡಿದ ಹಂದಿ ಮಾಂಸವನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ, ಮೇಲೊಂದು ಮರದ ಫೋರ್ಕ್ ಚುಚ್ಚಿ ಕೊಡುತ್ತಾರೆ. ಅದನ್ನೂ ಮೊಬೈಲಿನಲ್ಲೇ ಹೇಳಿ ತರಿಸಿಕೊಳ್ಳಬೇಕು.

ತಾವು ಎಂದಾದರೂ ಬ್ರೇಫೂಟ್‌ನಲ್ಲಿ ನಿಂತು ಆಟ ನೋಡಿದ್ದೀರಾ? ನೋಡಿದ್ದರೆ ಈ ಆದೇಶಕ್ಕೆ ಸಹಿ ಹಾಕುತ್ತಿರಲಿಲ್ಲ. ನಮ್ಮ ಹುಡುಗರು ಯಾವ ಗೋಲಿನತ್ತ ಆಡುತ್ತಾರೋ ಆ ಗೋಲಿನ ಹಿಂದೆ ನಾವು ನಿಲ್ಲುತ್ತೇವೆ. ಹಾಫ್‌ಟೈಮಿನ ಸೀಟಿ ಊದಿದೊಡನೆ ತಂಡಗಳು ಗೋಲು ಬದಲಿಸುವುದರಿಂದ ಇಡೀ ಗುಂಪು ಹೊರಟು ಮೈದಾನದ ಅಂಚಿನ ಹಾದಿಯಲ್ಲಿ ಆ ತುದಿಗೆ ನಡೆಯುತ್ತದೆ. ಎದುರಾಳಿ ಊರಿನವರು ಅದೇ ಹೊತ್ತಿಗೆ ಆ ತುದಿಯಿಂದ ಈ ತುದಿಗೆ ಬರುತ್ತಾರೆ. ಎರಡು ಗುಂಪೂ ಎದುರಾಗುವುದು ನಟ್ಟನಡುವೆ, ಬಂಟಿ ಮಕಾರಾ ಎಂಬ ಹೆಂಗಸಿನ ಪೈ ಕಿಟಕಿಯ ಮುಂದೆ. ಅಲ್ಲಿ ನಿಂತು ಒಬ್ಬರನ್ನೊಬ್ಬರು ಬೈಯುವುದು, ಬೈದವನ ಕೈಗೇ ಪೈ ದಾಟಿಸುವುದು ನನ್ನ ಅಜ್ಜನ ಕಾಲದಿಂದ ಬಂದ ರೂಢಿ.

“ಏನ್ರಯ್ಯಾ, ನಿಮ್ಮ ಗೋಲ್‌ಕೀಪರ್‌ಗೆ ಎರಡು ಕೈ ಇದಾವೆ ಅಂತ ಯಾರಾದ್ರೂ ಅವನಿಗೆ ಹೇಳಿದೀರಾ?”

“ಹೇಳಿದ್ವಿ ಕಣಯ್ಯಾ. ಒಂದ್ರಲ್ಲಿ ಪೈ ಇತ್ತು, ಇನ್ನೊಂದು ನಿಮ್ಮ ಕಡೆಯೋರಿಗೆ ಟಾಟಾ ಮಾಡ್ತಿತ್ತು.”

ಇದೇ ತಾವು ಅಪಾಯಕಾರಿ ಎಂದು ಬರೆದಿರುವ ‘ಎದುರುಬದುರು ಚಲನೆ’. ನನಗೆ ತಿಳಿದಂತೆ ಅದರಿಂದ ಊರಲ್ಲಿ ಆದ ಅನಾಹುತವೆಂದರೆ ಮೂರು ಮದುವೆ.

ಪೈ ಬಗ್ಗೆ ತಮಗೆ ಹೇಳಬೇಕಾಗಿಲ್ಲ, ಆದರೂ ಆದೇಶ ಓದಿದ ಮೇಲೆ ಹೇಳಬೇಕೆನಿಸುತ್ತದೆ. ಹಿಟ್ಟಿನ ಬಟ್ಟಲಿಗೆ ಮಾಂಸ ತುಂಬಿ, ಹಿಟ್ಟಿನದೇ ಮುಚ್ಚಳ ಹಾಕಿ ಒಲೆಯಲ್ಲಿ ಬೇಯಿಸಿದ ಅಂಗೈಯಗಲದ ಮಟನ್ ಪೈ. ಬಿಳಿ ಮೆಣಸು ಗಂಟಲಿಗೆ ಹತ್ತುವಷ್ಟು ಇರಬೇಕು. ಗೋಡೆ ಮುಚ್ಚಳಕ್ಕಿಂತ ಒಂದು ಬೆರಳು ಎತ್ತರ ಇರುತ್ತದೆ, ಮೇಲೆ ಸುರಿದ ಗ್ರೇವಿ ಅಲ್ಲಿ ನಿಲ್ಲಬೇಕು. ತಟ್ಟೆ ಬೇಡ, ಫೋರ್ಕ್ ಬೇಡ. ಪೂರ್ವದ ಗಾಳಿ ಮುಖಕ್ಕೆ ಹೊಡೆಯುವಾಗ ಎರಡೂ ಕೈಯಲ್ಲಿ ಹಿಡಿದು, ಸ್ವಲ್ಪ ಮುಂದಕ್ಕೆ ಬಾಗಿ ಕಚ್ಚಬೇಕು. ಕೊಬ್ಬು ಮಣಿಕಟ್ಟಿನವರೆಗೆ ಇಳಿಯುತ್ತದೆ. ಇದನ್ನು ಆರೋಗ್ಯಕರ ಆಹಾರವೆಂದು ನಾನೇನೂ ವಾದಿಸುವುದಿಲ್ಲ.

ಈಗ ನನ್ನ ಅಣ್ಣನ ವಿಷಯ. ಟ್ಯಾಮ್‌ಗೆ ಎಪ್ಪತ್ತಾರು ವರ್ಷ. ಗಣಿ ಮುಚ್ಚುವವರೆಗೆ ಅಲ್ಲಿ ವಿದ್ಯುತ್ ಕೆಲಸ ಮಾಡಿದ, ಆಮೇಲೆ ತಮ್ಮದೇ ಪಟ್ಟಣ ಸಭೆಯ ಹುಲ್ಲು ಕತ್ತರಿಸಿದ. ಈಗ ನಾಲ್ಕು ವರ್ಷದಿಂದ ಮರೆವಿನ ಕಾಯಿಲೆ; ಇರುವುದು ಆರೈಕೆ ಮನೆಯಲ್ಲಿ. ನನ್ನನ್ನು ಅವನು ಬಸ್ ಡ್ರೈವರ್ ಎಂದುಕೊಂಡಿದ್ದಾನೆ. ನಾನು ಇಪ್ಪತ್ತಾರು ವರ್ಷ ಶಾಲೆಯ ಬಸ್ ಓಡಿಸಿದವಳೇ ಆದ್ದರಿಂದ ಅದನ್ನು ತಿದ್ದಲು ಹೋಗಿಲ್ಲ. ಊಟದ ತಟ್ಟೆ ಮುಂದಿಟ್ಟರೆ ಬಲು ಮರ್ಯಾದೆಯಿಂದ ಪಕ್ಕಕ್ಕೆ ಸರಿಸುತ್ತಾನೆ. “ಇದು ನಂದಲ್ಲಮ್ಮಾ. ಯಾರದೋ ಇರ್ಬೇಕು, ತಣ್ಣಗಾಗ್ತದೆ, ಕೊಟ್ಬಿಡಿ ಪಾಪ,” ಎನ್ನುತ್ತಾನೆ.

ಆದರೆ ಶನಿವಾರ ಬ್ರೇಫೂಟ್‌ಗೆ ಕರೆದೊಯ್ದರೆ ಎಲ್ಲ ಬೇರೆ. ಹಾಫ್‌ಟೈಮ್ ಸೀಟಿ ಕೇಳಿದರೆ ಅವನ ಕಾಲುಗಳು ತಾವೇ ತಿರುಗುತ್ತಿದ್ದವು. ನಾನು ಹಿಂದೆ, ಅವನು ಮುಂದೆ. ಕಿಟಕಿಯ ಹತ್ತಿರ ಬಂದು ಬಲಗೈ ಚಾಚಿ, ನಲವತ್ತು ವರ್ಷದಿಂದ ಹೇಳಿದ್ದನ್ನೇ ಹೇಳುತ್ತಿದ್ದ.

“ಬಂಟೀ, ಮುಚ್ಚಳದ ಕೆಳಗೆ ಮಾಂಸ ಇದೆಯೋ, ಬರೀ ಗಾಳಿಯೋ?”

“ನಿನ್ನ ತಲೇಲಿರೋದಕ್ಕಿಂತ ಜಾಸ್ತಿನೇ ಇದೆ, ತಿನ್ನೋ ಮುದುಕಾ.”

ಕಾಯಿಲೆ ಬಂದ ಮೇಲೆ ಬಂಟಿಗೆ ಆ ಮಾತು ಹೇಳಲು ಕಷ್ಟವಾಗಿತ್ತು. ಒಂದು ಶನಿವಾರ ಬೇರೇನೋ ಮೆತ್ತಗೆ ಹೇಳಿ ನೋಡಿದಳು. ಟ್ಯಾಮ್ ಗಾಬರಿಯಾಗಿ ಪೈ ಹಿಡಿಯದೆ ನಿಂತುಬಿಟ್ಟ. ಅಂದಿನಿಂದ ಅವಳು ಒಂದಕ್ಷರ ಬದಲಿಸದೆ ಬೈಯುತ್ತಾ ಬಂದಳು. ಅವನು ಆ ಪೈಯನ್ನು ಕೊನೆಯ ಚೂರಿನವರೆಗೆ ತಿನ್ನುತ್ತಿದ್ದ. ಅದನ್ನು ತಿಂದ ಮೇಲೆ ಎರಡು ಮೂರು ದಿನ ಆರೈಕೆ ಮನೆಯಲ್ಲೂ ತಟ್ಟೆ ತಳ್ಳದೆ ಅಷ್ಟಿಷ್ಟು ಉಣ್ಣುತ್ತಿದ್ದನೆಂದು ಅಲ್ಲಿನ ದಾದಿ ಬರೆದಿಟ್ಟಿದ್ದಾಳೆ. ಆ ಹಾಳೆಗಳ ಪ್ರತಿಯನ್ನು ತಮಗೆ ಕಳಿಸಿದ್ದೇನೆ.

ಇನ್ನು ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಕಳೆದ ಆಗಸ್ಟಿನಲ್ಲಿ ಆ ಹಾದಿಯ ಚರಂಡಿ ಚಪ್ಪಡಿ ಒಂದು ಮುರಿದಿತ್ತು. ಟ್ಯಾಮ್ ಎಡವಿದ, ಬೀಳಲಿಲ್ಲ. ನಾನು ತಮ್ಮ ಕಚೇರಿಗೆ ಕಾಗದ ಬರೆದೆ: ದಯವಿಟ್ಟು ಆ ಚಪ್ಪಡಿ ಬದಲಿಸಿ. ಒಂದೇ ಒಂದು ಚಪ್ಪಡಿ. ನೆಗಡಿ ಬಂತೆಂದು ಮೂಗು ಕೊಯ್ದರು ಎಂಬ ಗಾದೆಯನ್ನು ತಾವು ಆಡಳಿತದ ಕೈಪಿಡಿ ಎಂದು ಓದಿಕೊಂಡಿರಿ. ಅಡ್ಡ ಬೇಲಿ ಹಾಕಿ ಹಾದಿ ಮುಚ್ಚಿದಿರಿ, ಹಾದಿ ಮುಚ್ಚಿತೆಂದು ಕಿಟಕಿ ಮುಚ್ಚಿದಿರಿ. ಆದೇಶದ ಮೊದಲ ಸಾಲಿನಲ್ಲೇ ‘ಸಾರ್ವಜನಿಕರ ದೂರಿನ ಮೇರೆಗೆ’ ಎಂದಿದೆ. ಆ ಸಾರ್ವಜನಿಕರು ನಾನು. ಅಣ್ಣನ ಕಾಲು ಕಾಯಲು ಹೋಗಿ ಅವನ ಹೊಟ್ಟೆಗೆ ನಾನೇ ಹೊಡೆದೆ. ಚಪ್ಪಡಿ ಇನ್ನೂ ಮುರಿದೇ ಇದೆ.

ಮೊದಲ ಶನಿವಾರ ಏನಾಯಿತೆಂದು ತಮ್ಮ ಹಳದಿ ಕೋಟಿನ ಸಿಬ್ಬಂದಿ ವರದಿ ಮಾಡಿರಲಿಕ್ಕಿಲ್ಲ. ಬೇಲಿ ಕಿಟಕಿಯ ಆಚೆಗಿದ್ದುದರಿಂದ ಟ್ಯಾಮ್ ಕಿಟಕಿಯವರೆಗೆ ಬಂದ. ಬೀಗದ ಮೇಲೆ ತಮ್ಮ ಆದೇಶ ಅಂಟಿಸಿತ್ತು. ಅವನು ಅದನ್ನು ನೋಡಲಿಲ್ಲ. ಅಂಗೈ ಚಾಚಿ ನಿಂತ. ಹಿಂದೆ ಬಂದವನೊಬ್ಬ ಅವನ ಬೆನ್ನ ಹಿಂದೆ ನಿಂತ. ಅವನ ಹಿಂದೆ ಇನ್ನೊಬ್ಬ. ನಮ್ಮ ಜನಕ್ಕೆ ಒಂದು ಕಾಯಿಲೆ ಇದೆ. ಇಬ್ಬರು ಒಬ್ಬರ ಹಿಂದೊಬ್ಬರು ನಿಂತರೆ ಮೂರನೆಯವನು ಯಾಕೆಂದು ಕೇಳದೆ ನಿಲ್ಲುತ್ತಾನೆ. ನೋಡನೋಡುತ್ತಿದ್ದಂತೆ ಮುಚ್ಚಿದ ಕಿಟಕಿಯ ಮುಂದೆ ಹನ್ನೊಂದು ಜನರ ಸಾಲಾಯಿತು.

“ಮುಚ್ಚಿದಾರೆ ಅಂದ್ರಲ್ಲ, ತೆಗೀತಾರಂತಾ?”

“ಟ್ಯಾಮ್ ನಿಂತಿದಾನಲ್ಲಪ್ಪಾ. ಸುಮ್ನೆ ನಿಲ್ತಾನಾ?”

ಆಟ ಮತ್ತೆ ಶುರುವಾಯಿತು. ಐದು ಪಂದ್ಯದಿಂದ ಗೋಲು ಕಾಣದ ಥಿಸಲ್ ಅವತ್ತೇ ಗೋಲು ಹೊಡೆಯಿತು. ಸಾಲಿನಲ್ಲಿದ್ದವರಾರೂ ಅದನ್ನು ನೋಡಲಿಲ್ಲ. ಹಳದಿ ಕೋಟಿನ ಹುಡುಗಿ ಹತ್ತಿರ ಬಂದು “ಸರ್, ಇದು ಇನ್ಮೇಲೆ ತೆಗೆಯಲ್ಲ,” ಎಂದಳು. ಟ್ಯಾಮ್ ಅವಳನ್ನೇ ಸಮಾಧಾನ ಮಾಡಿದ. “ಗೊತ್ತು ಮಗಾ, ಬಂಟಿ ಒಲೆ ಹಚ್ತಿದಾಳೆ. ಪಾಪ, ಅವಳಿಗೆ ಅವಸರ ಮಾಡ್ಬೇಡ.”

ಹಿಂದಿದ್ದವರು ತಲೆ ತಗ್ಗಿಸಿ ಒಬ್ಬೊಬ್ಬರಾಗಿ ಕಳಚಿಕೊಂಡರು. ಆಟ ಮುಗಿಯುವವರೆಗೆ ಅವನು ಅಲ್ಲೇ ನಿಂತಿದ್ದ, ಕೈ ಹಾಗೇ ಚಾಚಿತ್ತು. ಮನೆಗೆ ಹೊರಡುವಾಗ ಅವನ ಬೆರಳುಗಳನ್ನು ನಾನೇ ಒಂದೊಂದಾಗಿ ಮಡಿಸಿದೆ. ಕೈ ಮಂಜಿನಷ್ಟು ತಣ್ಣಗಿತ್ತು. ಕಾರಿನಲ್ಲಿ ಕೂತು ನಾನು ಅತ್ತೆ, ಅವನು “ಸೋತ್ವಾ?” ಎಂದು ಕೇಳಿದ.

ಬೇರೆ ದಾರಿ ನೋಡಲಿಲ್ಲವೇ ಎಂದು ತಾವು ಕೇಳಬಹುದು. ನೋಡಿದೆವು. ಬಂಟಿ ತನ್ನ ಮನೆಯ ಒಲೆಯಲ್ಲಿ ಅದೇ ಪೈ ಬಿಸಿ ಮಾಡಿ, ಕೋಟಿನೊಳಗೆ ಮುಚ್ಚಿಟ್ಟುಕೊಂಡು ಆರೈಕೆ ಮನೆಗೆ ತಂದಳು. ಅದೇ ಬೈಗುಳವನ್ನೂ ಬೈದಳು. ಟ್ಯಾಮ್ ಅದನ್ನು ಎರಡೂ ಕೈಯಲ್ಲಿ ಹಿಡಿದು ಮೂಸಿದ, ಮುಖ ಅರಳಿತು. ಆಮೇಲೆ ಅದನ್ನು ಜೋಪಾನವಾಗಿ ಮೇಜಿನ ಮೇಲಿಟ್ಟು ಹೇಳಿದ: “ಚೆನ್ನಾಗಿದೆ. ಮ್ಯಾಚಿಗೆ ಇರ್ಲಿ.” ಮುಂದಿನ ವಾರ ಮೈದಾನದಲ್ಲಿ ತಮ್ಮ ಹಂದಿ ಮಾಂಸದ ಪೆಟ್ಟಿಗೆಯನ್ನೂ ಕೊಟ್ಟು ನೋಡಿದೆ. “ಯಾರೋ ಫೋರ್ಕ್ ಬಿಟ್ಟು ಹೋಗಿದಾರೆ ನೋಡಮ್ಮಾ,” ಎಂದು ಅದರ ಒಡೆಯನನ್ನು ಹುಡುಕುತ್ತ ಅತ್ತಿತ್ತ ನೋಡಿದ. ಕಳೆದ ಶನಿವಾರ ಬಂಟಿ ಬೇಲಿಯ ಈಚೆ ಬಿಸಿ ಪೈ ಹಿಡಿದು ನಿಂತಳು. ಕಿಟಕಿ ಇಲ್ಲದ ಬಂಟಿಯನ್ನು ಅವನು ಗುರುತಿಸಲಿಲ್ಲ. ಅವಳನ್ನು ದಾಟಿ ಹೋಗಿ ಬೀಗದ ಮುಂದೆ ನಿಂತ.

ಈಗ ಅವನ ಪ್ಯಾಂಟು ಸೊಂಟದಲ್ಲಿ ನಿಲ್ಲುವುದಿಲ್ಲ. ವೈದ್ಯರು ಚಮಚದಲ್ಲಿ ತಿನ್ನಿಸಿ ಎಂದಿದ್ದಾರೆ. ದಿನಾ ಸಂಜೆ ಐದಕ್ಕೆ ನಾನು ಹೋಗುತ್ತೇನೆ. ಅವನು ತುಟಿ ಬಿಗಿಯುತ್ತಾನೆ. ನನಗೆ ಕೋಪ ಬರುತ್ತದೆ, ಮಾನ್ಯರೇ. ನಿನ್ನೆ ಗದರಿಬಿಟ್ಟೆ. ಅವನು ಹೆದರಿ “ಸಾರಿ ಮೇಡಂ” ಎಂದ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮೊದಲ ಆಟ ತೋರಿಸಿದ ಅಣ್ಣ ನನಗೆ ಮೇಡಂ ಎಂದ. ಇದರ ನೋವನ್ನು ಯಾವ ಅರ್ಜಿ ನಮೂನೆಯಲ್ಲಿ ತುಂಬಿ ಕೊಡಬೇಕೋ ನನಗೆ ಗೊತ್ತಿಲ್ಲ.

ಸುರಕ್ಷತೆ ಬೇಡವೆನ್ನುವಷ್ಟು ದಡ್ಡಿ ನಾನಲ್ಲ. ಗಣಿಯ ಊರಿನವರು ನಾವು. ಬೆಳಿಗ್ಗೆ ಹೋದವರು ಸಂಜೆ ಬರಲೆಂದು ಬಾಗಿಲಲ್ಲಿ ನಿಂತು ಕಾದ ಹೆಂಗಸರ ಮಕ್ಕಳು. ಆದರೆ ಯಾರನ್ನು ಕಾಯುತ್ತಿದ್ದೇವೆಂಬುದೇ ಮರೆತುಹೋದರೆ ಬೇಲಿ ಯಾರಿಗೆ? ಬಂಟಿಯ ಒಲೆಯನ್ನು ತಮ್ಮ ಕಚೇರಿಯವರೇ ಈ ವಸಂತದಲ್ಲಿ ಪರೀಕ್ಷಿಸಿ ಸರಿಯಿದೆ ಎಂದು ಬರೆದುಕೊಟ್ಟಿದ್ದಾರೆ. ಅವಳು ಈಗಲೂ ಬರಲು ಸಿದ್ಧ. ಬೀಗದ ಕೈ ಮಾತ್ರ ತಮ್ಮ ಬಳಿ ಇದೆ.

ಬರುವ ಶನಿವಾರ ಹಾಫ್‌ಟೈಮಿನ ಹದಿನೈದು ನಿಮಿಷ ಆ ಕಿಟಕಿ ತೆರೆಸಿ. ಹಾದಿಯ ಮಾತು, ಬೇಲಿಯ ಮಾತು, ನಿಯಮದ ಮಾತು ಆಮೇಲೆ ಆಡೋಣ. ಅದು ಸಾಧ್ಯವಿಲ್ಲವಾದರೆ ನನ್ನದು ಇನ್ನೊಂದೇ ಬೇಡಿಕೆ. ಒಂದು ಸಂಜೆ ಐದಕ್ಕೆ ಆರೈಕೆ ಮನೆಗೆ ಬನ್ನಿ. ಅವನ ಪಕ್ಕದ ಕುರ್ಚಿಯನ್ನು ತಮಗೆ ಬಿಟ್ಟುಕೊಡುತ್ತೇನೆ, ಚಮಚವನ್ನೂ ಕೊಡುತ್ತೇನೆ. ಅವನ ಬಾಯಿಯನ್ನು ತಾವೇ ತೆರೆಸಿ.

ಇಂತಿ,
ಟ್ಯಾಮ್‌ನ ತಂಗಿ ಎಂದು ಟ್ಯಾಮ್ ಒಬ್ಬನನ್ನು ಬಿಟ್ಟು ಊರಿಗೆಲ್ಲ ಗೊತ್ತಿರುವ
ಸೆಂಗಾ ಲೋರಿಮರ್