ಕಾಲಿಗಿದ್ದ ಕಿವಿ

ಬುಧವಾರ, ಊಟದ ನಂತರ

ಅಪ್ಪಾ,

ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುತ್ತಾಳಲ್ಲ, ಇವಳಿಗೇನು ಬಂತು ಅಂದುಕೊಳ್ಳಬೇಡಿ. ಈಗಷ್ಟೇ ಅಡುಗೆಮನೆಯಿಂದ ನಿಮ್ಮನ್ನು ಮೂರು ಸಲ ಕರೆದೆ. ನೀವು ಹೊಸ್ತಿಲ ಮೇಲೆ ಕೂತು ಹಳೆಯ ಡೀಸೆಲ್ ಎಂಜಿನ್ನಿನ ವಾಲ್ವ್ ಉಜ್ಜುತ್ತಿದ್ದಿರಿ, ತಿರುಗಲಿಲ್ಲ. ಇನ್ನೂ ಜೋರಾಗಿ ಕರೆದರೆ ಪಕ್ಕದ ಮನೆಯವರು ತಿರುಗುತ್ತಾರೆ. ಅದಕ್ಕೇ ಈ ಕಾಗದ. ಕಾಗುಣಿತ ನೋಡಿ ನಗಬೇಡಿ, ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳದ್ದು ಇಷ್ಟೇ.

ನಾಳೆ ಹತ್ತು ಗಂಟೆಗೆ ದೋಣಿ ಕಚೇರಿಯ ವಿಚಾರಣೆಯಲ್ಲಿ ನನ್ನ ಸರದಿ. ನಾನು ಏನು ಹೇಳುತ್ತೇನೆ ಎಂಬುದು ಎಲ್ಲರಿಗಿಂತ ಮೊದಲು ನಿಮಗೆ ಗೊತ್ತಾಗಬೇಕು.

ಶನಿವಾರ ಬೆಳಿಗ್ಗೆ ದೋಣಿ ಕಟ್ಟೆಗೆ ತಾಗಿ ನಿಂತಿತ್ತು. ನಾನು ಜನ ಹತ್ತಲು ಹಲಗೆ ಹಾಕಿ, ಹಗ್ಗ ಬಿಚ್ಚಿ ಕೈಯಲ್ಲಿ ಹಿಡಿದಿದ್ದೆ. ಅದು ನನ್ನ ತಪ್ಪು, ಎಲ್ಲರೂ ಹತ್ತಿದ ಮೇಲೆ ಬಿಚ್ಚಬೇಕಿತ್ತು. ಹೊಲಿಗೆ ಟೀಚರ್ ಹಲಗೆಯ ನಡುವೆ ಇದ್ದರು. ನೀವು ಊಟದ ಚೀಲವನ್ನು ವೇಗದ ಹಿಡಿಕೆಗೆ ನೇತುಹಾಕಿದಿರಿ. ಡೀಸೆಲ್ ದೋಣಿಯಲ್ಲಿ ಹದಿನೆಂಟು ವರ್ಷ ಹಾಗೇ ನೇತುಹಾಕಿದ್ದಿರಿ. ಎಂಜಿನ್ ನಿಂತಿದ್ದರೆ ಹಿಡಿಕೆ ಬರೀ ಗೂಟ. ಆದರೆ ಶನಿವಾರ ಹಿಂದಿನ ಸುತ್ತು ಮುಗಿಸಿ ಬಂದಾಗ ನೀವು ಈ ಕರೆಂಟ್ ದೋಣಿಯ ಕೀ ಆಫ್ ಮಾಡಿರಲಿಲ್ಲ. ಹಿಡಿಕೆ ಎರಡು ಬೆರಳಷ್ಟು ಬಾಗಿತು. ದೋಣಿ ಸದ್ದಿಲ್ಲದೆ ಜಾರಿತು. ಹಗ್ಗ ನನ್ನ ಅಂಗೈ ಸುಟ್ಟುಕೊಂಡು ಹೋಯಿತು. ಟೀಚರ್ ಬಿದ್ದರು, ಕಾಲು ದೋಣಿಗೂ ಕಟ್ಟೆಗೂ ನಡುವೆ ಸಿಕ್ಕಿತು. ಅವರ ಕೂಗು ಕೇಳಿ ಎಲ್ಲರೂ ಓಡಿದರು. ನೀವು ಓಡಿದ್ದು ನನ್ನ ಮುಖ ನೋಡಿದ ಮೇಲೆ.

ಅವತ್ತಿನಿಂದ ಕಟ್ಟೆಯ ಮೇಲೆ ಒಂದೇ ಮಾತು. ಕರೆಂಟ್ ದೋಣಿ ತಾನಾಗೇ ಹೊರಡುತ್ತದಂತೆ. ಮೀನಿನವಳು, "ಅದಕ್ಕೆ ದೆವ್ವ ಹಿಡಿದಿದೆ ಕಣೇ, ನೀರಿಗೂ ಕರೆಂಟಿಗೂ ಎಲ್ಲಾದ್ರೂ ಆಗುತ್ತಾ?" ಅಂದಳು. ದಿನಾ ತನ್ನ ಫೋನನ್ನು ಅದೇ ದೆವ್ವದ ಹತ್ತಿರ ಚಾರ್ಜ್ ಮಾಡಿಸಿಕೊಳ್ಳುವುದನ್ನು ಮಾತ್ರ ಮರೆತಳು.

ಹತ್ತು ತಿಂಗಳಿಂದ ಆ ದೋಣಿಯಲ್ಲಿದ್ದೇನೆ, ಅದರ ಹುಳುಕು ನನಗೂ ಗೊತ್ತು. ಎದುರುಗಾಳಿ ಇದ್ದ ದಿನ ಹನ್ನೊಂದು ಸುತ್ತು ಹೋಗಬೇಕಾದದ್ದು ಎಂಟಕ್ಕೇ ಸುಸ್ತಾಗುತ್ತದೆ. ಮಧ್ಯಾಹ್ನ ಚಾರ್ಜಿಗೆ ನಿಲ್ಲಿಸಿದರೆ ಜನ ನಮ್ಮ ಜನ್ಮ ಜಾಲಾಡುತ್ತಾರೆ. ಈಜುವವರಿಗೆ ಅದು ಹತ್ತಿರ ಬಂದದ್ದೇ ತಿಳಿಯುವುದಿಲ್ಲ. ಹೊಗೆಯಿಲ್ಲ, ಅಮ್ಮನ ಕೆಮ್ಮು ನಿಂತಿದೆ, ಅದೂ ನಿಜ. ಇಷ್ಟನ್ನೂ ನಾಳೆ ಹೇಳುತ್ತೇನೆ. ಆದರೆ ಅದು ತಾನಾಗೇ ಹೊರಡುವುದಿಲ್ಲ.

ಕೀ ಆನ್ ಇದ್ದರೂ ಮೋಟರಿಗೆ ಸದ್ದಿಲ್ಲವಲ್ಲ, ಬ್ಯಾಟರಿ ಮೇಸ್ತ್ರಿ ಬೀಪ್ ಕೂರಿಸಿದ್ದೇ ಅದಕ್ಕೆ. ಕೀ ಆನ್ ಇರುವಷ್ಟು ಹೊತ್ತೂ ಅದು ಸೊಳ್ಳೆಯ ಹಾಗೆ ಸಣ್ಣಗೆ ಕೂಗುತ್ತಿರುತ್ತದೆ. ಸೋಮವಾರ ಅಧಿಕಾರಿ ನಿಮ್ಮ ಎದುರಿಗೇ ಕೂತು, ಒಂದೊಂದೇ ಪದ ಬಿಡಿಸಿ, ಬೀಪ್ ಕೇಳಿಸಿತಾ ಎಂದು ಕೇಳಿದರು. ಕೇಳಿಸಲಿಲ್ಲ ಅಂದಿರಿ. ನೀವು ಸುಳ್ಳು ಹೇಳಲಿಲ್ಲ ಅಪ್ಪಾ. ಆದರೆ ಅವರು ಬರೆದುಕೊಂಡದ್ದು, ಬೀಪ್ ಆಗಲಿಲ್ಲ ಎಂದು. ಆ ಹಾಳೆಯನ್ನು ನಿಮ್ಮ ಕೈಗೇ ಕೊಟ್ಟರು. ನಿಮಗೆ ಓದಲು ಬರುತ್ತದೆ. ಓದಿ, ಸಹಿ ಹಾಕಿದಿರಿ.

ಮೇಸ್ತ್ರಿಗೆ ಇನ್ನು ಕೆಲಸಕ್ಕೆ ಬರಬೇಡ ಅಂದಿದ್ದಾರೆ. ನಿನ್ನೆ ಅವರ ಮನೆಗೆ ಹೋಗಿದ್ದೆ. ಮೇಜಿನ ಮೇಲೆ ಅಂಥದ್ದೇ ಇನ್ನೊಂದು ಬೀಪ್ ಇಟ್ಟುಕೊಂಡು ಆನ್ ಮಾಡುತ್ತ, ಆಫ್ ಮಾಡುತ್ತ ಕೂತಿದ್ದರು. "ಆಗಿತ್ತೋ ಇಲ್ವೋ ಮಗಳೇ? ನನಗೇ ಈಗ ಅನುಮಾನ ಬರ್ತಿದೆ" ಅಂದರು. ನಾನು ಒಂದು ಲೋಟ ನೀರು ಕುಡಿದು ಎದ್ದು ಬಂದೆ. ನನ್ನ ಮೇಲೆ ನನಗೆ ಅಷ್ಟು ಅಸಹ್ಯ ಹಿಂದೆಂದೂ ಆಗಿರಲಿಲ್ಲ.

ಬೀಪ್ ಆಗಿತ್ತು. ನನಗೆ ಕೇಳಿಸಿತು.

ನಿಮ್ಮ ಕಿವಿ ಆ ಡೀಸೆಲ್ ಗದ್ದಲದಲ್ಲೇ ಹೋಗಿರಬೇಕು. ಆದರೆ ಡೀಸೆಲ್ ದೋಣಿಯಲ್ಲಿ ಅದರಿಂದ ಏನೂ ಕೆಡಲಿಲ್ಲ. ಬರಿಗಾಲಲ್ಲಿ ನಿಂತು, ಹಲಗೆಯ ನಡುಕದಲ್ಲೇ ತಿಳಿದು, ಎಣ್ಣೆಗೆ ನೀರು ಸೇರಿದೆ ಅನ್ನುತ್ತಿದ್ದಿರಿ. ಬಿಚ್ಚಿ ನೋಡಿದರೆ ಸೇರಿರುತ್ತಿತ್ತು. "ನನಗೆ ಕಾಲಲ್ಲಿ ಕಿವಿ" ಅನ್ನುತ್ತಿದ್ದಿರಿ, ಎಲ್ಲರೂ ತಮಾಷೆ ಅಂದುಕೊಂಡು ನಕ್ಕರು. ಹೊಸ ದೋಣಿ ಬಂದ ದಿನ ಚಪ್ಪಲಿ ಬಿಟ್ಟು ಒಳಗೆ ಹೋಗಿ ನಿಂತಿರಿ. ಮೋಟರ್ ಓಡುತ್ತಿತ್ತು. ನೀವು ಒಂದು ಕಾಲು ಎತ್ತಿ ಇಟ್ಟಿರಿ, ಇನ್ನೊಂದು ಕಾಲು ಎತ್ತಿ ಇಟ್ಟಿರಿ, ಆಮೇಲೆ ಬಗ್ಗಿ ಅಂಗೈಯನ್ನೂ ಹಲಗೆಗೆ ಒತ್ತಿ ನೋಡಿದಿರಿ. ಅಮ್ಮ ಖುಷಿಗೆ ಅಂದುಕೊಂಡಳು.

ನಾಳೆ ನಾನು ಬಾಯಿ ಬಿಟ್ಟರೆ ನಿಮ್ಮ ಲೈಸೆನ್ಸ್ ಹೋಗುತ್ತದೆ. ಬೀಪ್ ಜೊತೆಗೆ ಕಾಲಡಿಯ ಹಲಗೆಯೂ ನಡುಗುವ ಹಾಗೆ ಮಾಡಬಹುದು ಎಂದು ಮೇಸ್ತ್ರಿ ಒಮ್ಮೆ ಅಂದಿದ್ದರು. ನಿಮಗಾಗಿ ಅಂತಲ್ಲ, ಸುಮ್ಮನೆ ಮಾತಿಗೆ. ಮಾಡಿಕೊಡಿ ಎಂದು ಕೇಳಬಹುದಿತ್ತು, ನಾವು ಕೇಳಲಿಲ್ಲ.

ಶಾಲೆಯಲ್ಲಿ, ಮಾಡದ ತಪ್ಪಿಗೆ ಕ್ಷಮಾಪಣೆ ಬರೆದುಕೊಡು ಅಂದಾಗ ನಾನು ಚೀಲ ಎತ್ತಿಕೊಂಡು ಮನೆಗೆ ಬಂದೆ. ಮನೆಮಂದಿಯೆಲ್ಲ ಬೈದರು. ನೀವೊಬ್ಬರೇ, "ಬಿಡ್ರಪ್ಪ, ಮೊಂಡಿಯ ಬೆನ್ನು ನೆಟ್ಟಗಿದೆ" ಅಂದಿರಿ. ಇಷ್ಟು ವರ್ಷ ಆ ಒಂದು ಮಾತಿನ ಮೇಲೆ ನಿಂತಿದ್ದೇನೆ. ಈಗ ನೀವೇ ಬಗ್ಗು ಅನ್ನಬೇಡಿ.

ಕಚೇರಿ ಒಂಬತ್ತಕ್ಕೆ ತೆಗೆಯುತ್ತಾರೆ. ನಾನು ಹತ್ತಕ್ಕೆ ಬರುತ್ತೇನೆ. ನಡುವಿನ ಒಂದು ಗಂಟೆ ನಿಮ್ಮದು.

ನಿಮ್ಮ
ಮೊಂಡಿ

ಮತ್ತೆ: ಇದು ಮರೆತು ಉಳಿದದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಹೊಸ ದೋಣಿ ಬರುವ ಮೊದಲು ನಿಮ್ಮ ಕಿವಿ ಪರೀಕ್ಷೆ ಆಯಿತಲ್ಲ. ನೀವು ಗಾಜಿನ ಕೋಣೆಯೊಳಗೆ, ನಾನು ಹೊರಗೆ, ನರ್ಸಿನ ಬೆನ್ನ ಹಿಂದೆ ನಿಂತಿದ್ದೆ. ಅವರು ಸದ್ದಿನ ಗುಂಡಿ ಒತ್ತಿದಾಗಲೆಲ್ಲ ನಾನು ಹಣೆಯ ಕೂದಲು ಸರಿಸಿಕೊಂಡೆ, ನೀವು ಕೈ ಎತ್ತಿದಿರಿ. ಆಮೇಲೆ ನಾವಿಬ್ಬರೂ ಅದರ ಮಾತೆತ್ತಲಿಲ್ಲ. ಮನೆಗೆ ಬರುವಾಗ ಮಾತ್ರ ನೀವು ಒಂದು ಅಂಗಡಿಯ ಮುಂದೆ ನಿಂತು, ಕೂದಲು ಕಣ್ಣಿಗೆ ಬೀಳ್ತದಲ್ಲ ಅಂತ ನನಗೊಂದು ಕ್ಲಿಪ್ ಕೊಡಿಸಿದಿರಿ. ನಾಳೆ ಇದನ್ನೂ ಹೇಳುತ್ತೇನೆ. ಈ ಹಾಳೆಗಳನ್ನು ಹಿಡಿದಿರುವುದು ಆ ಕ್ಲಿಪ್ಪೇ.