ಬಹುವಚನದ ಮೊದಲ ಬಳಕೆ

ನಿಘಂಟು ಕಚೇರಿ,
ಗುರುವಾರ, ಊಟದ ಬಿಡುವು

ಪ್ರೀತಿಯ ಮೊಂಡಿಗೆ,

ನಿನ್ನ ಕಾಗದ ತಲುಪಿತು. ‘ನೀವು ಹೇಗಿದ್ದೀರಿ? ನಿಮ್ಮ ಮಂಡಿನೋವು ಹೇಗಿದೆ?’ ಎಂದು ಬರೆದಿದ್ದೀಯ. ವಿಮಾ ಕಂಪನಿಯವರ ಕಾಗದವೇನೋ ಎಂದುಕೊಂಡೆ. ಮಂಡಿ ಸರಿಯಾಗಿದೆ, ಮಹಾತಾಯಿ. ಆ ‘ನೀವು’ ಇದೆಯಲ್ಲ, ಅದು ಹೊಟ್ಟೆ ಉರಿಸಿತು. ಇಪ್ಪತ್ತಾರು ವರ್ಷ ‘ಅಮ್ಮಾ, ನೀನು’ ಎಂದು ನನ್ನ ತಲೆ ತಿಂದವಳು! ವೆಲ್ಡಿಂಗ್ ಕಲಿಯುತ್ತೇನೆಂದು ಬ್ಯಾಂಕಿನ ಕೆಲಸ ಬಿಟ್ಟು ಹೋದೆ, ಹೋಗಲಿ. ಅಜ್ಜಿ ಹೋದಳು, ನಿನ್ನಪ್ಪ ಹೋದರು. ನನ್ನನ್ನು ‘ನೀನು’ ಎನ್ನಲು ಈಗ ಉಳಿದಿರುವವಳು ನೀನೊಬ್ಬಳೇ.

ಗ್ರಹಚಾರ ನೋಡು, ಈ ವಾರ ನನ್ನ ಮೇಜಿಗೆ ಬಂದಿರುವ ಕರಡು ಆ ಪದದ್ದೇ: ಯುರೋಪಿನ ಭಾಷೆಗಳಲ್ಲಿ ‘ನೀನು’ ಹುಟ್ಟಿ ಬೆಳೆದ ಕಥೆ. ಲ್ಯಾಟಿನ್ನಿನ ‘ತೂ’, ಜರ್ಮನ್ನಿನ ‘ದು’, ಇಂಗ್ಲಿಷಿನ ಹಳೆಯ ‘ದೌ’, ನಮಗೆ ಗೊತ್ತಿರುವ ಸಂಸ್ಕೃತದ ‘ತ್ವಂ’ ಕೂಡ ಒಂದೇ ಬಳ್ಳಿಯ ಕಾಯಿಗಳು. ಎಷ್ಟು ರಾಜ್ಯಗಳು ಅಳಿದರೂ ಈ ಪುಟ್ಟ ಪದ ಬಾಯಿಂದ ಬಾಯಿಗೆ ಬಂತು. ಇಂಗ್ಲಿಷಿನವರು ಮಾತ್ರ ಮರ್ಯಾದೆ ಮರ್ಯಾದೆ ಎಂದು ಎಲ್ಲರಿಗೂ ಬಹುವಚನ ಹಚ್ಚಿ, ಕೊನೆಗೆ ಏಕವಚನವನ್ನೇ ಕಳೆದುಕೊಂಡು ಕುಳಿತರು. ಅವರ ‘ದೌ’ ಈಗ ಹೆಚ್ಚಾಗಿ ಹಳೆಯ ಪ್ರಾರ್ಥನೆ, ಪದ್ಯಗಳಲ್ಲೇ ಸಿಗುತ್ತದೆ.

ಸಂಪಾದಕರು ‘ಕೆಳಗಿನವರನ್ನು ಕರೆಯುವ ರೂಪ’ ಎಂದಷ್ಟೇ ಬರೆದಿದ್ದರು. ನಾನು ಕೆಂಪು ಪೆನ್ನಿನಲ್ಲಿ ‘ದೇವರನ್ನೂ, ಮಕ್ಕಳನ್ನೂ, ಹೆತ್ತವಳನ್ನೂ’ ಎಂದು ಸೇರಿಸಿದೆ. ಆಧಾರವೇನು ಎಂದು ಕೇಳಿದರು. ನಮ್ಮ ಮನೆಯೇ ಆಧಾರ ಎಂದೆ. ಎರಡು ತಿಂಗಳಿಂದ ಆ ಆಧಾರ ಎಲ್ಲಿದೆ?

ಅದಕ್ಕೇ ಭಾನುವಾರ ಬೆಳಗಿನ ಬಸ್ಸಿಗೆ ಟಿಕೆಟ್ ತೆಗೆಸಿದ್ದೇನೆ. ಬೇಡ ಎಂದು ಬರೆದು ಪ್ರಯೋಜನವಿಲ್ಲ, ಕಾಗದ ಬರುವಷ್ಟರಲ್ಲಿ ನಾನು ಹೊರಟಿರುತ್ತೇನೆ. ‘ಬನ್ನಿ, ಕುಳಿತುಕೊಳ್ಳಿ’ ಎಂದೆಯೋ, ಒಳಗೆ ಕಾಲಿಡುವುದಿಲ್ಲ. ಮಂಡಿ ಹಾಳಾಗಿ ಹೋಗಲಿ, ಮೆಟ್ಟಿಲ ಮೇಲೇ ಕೂರುತ್ತೇನೆ. ‘ನೀನ್ಯಾಕೆ ಬಂದೆ?’ ಎಂದು ಗದರು, ಬರುತ್ತೇನೆ. ಈ ಮೊಂಡುತನ ನಿನಗೆ ಎಲ್ಲಿಂದ ಬಂತು ಅಂದುಕೊಂಡಿದ್ದೀಯ?

ನಿನ್ನ (‘ನಿಮ್ಮ’ ಅಲ್ಲ),
ಅಮ್ಮ

ಮರೆತಿದ್ದೆ. ಅಲ್ಲ, ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಒಂದು ಪದವನ್ನು ಮೊದಲು ಬಳಸಿದವರು ಯಾರೆಂದು ದಾಖಲಿಸುವುದು ನಮ್ಮ ಕಚೇರಿಯ ನಿಯಮ. ನೀನು ಪೆಟ್ಟಿಗೆ ಎತ್ತಿಕೊಂಡ ದಿನ, ‘ನೀವು ದೊಡ್ಡವರು, ನಿಮಗೆ ಬುದ್ಧಿ ಹೇಳಲು ನಾನ್ಯಾರು? ಹೋಗಿ ಬನ್ನಿ’ ಎಂದು ಮುಖ ತಿರುಗಿಸಿದವಳು ನಾನು. ನಮ್ಮಿಬ್ಬರ ನಡುವೆ ‘ನೀವು’ ಎಂಬುದರ ಮೊದಲ ಬಳಕೆ ನನ್ನದು. ತಪ್ಪಾಯಿತು ಕಣೇ.